ಸಹಿ ಬೀಳದ ವಕಾಲತ್ತು: ಹೊಸನಗರ ಸೀಮೆಯ ಒಬ್ಬ ವಲಸೆ ವಕೀಲರ ಪ್ರಕರಣ

ಒಂದು ಸೋಮವಾರ ಬೆಳಿಗ್ಗೆ ನಮ್ಮ ಆಫೀಸಿನ ಮೇಜಿನ ಮೇಲೆ ಒಂದು ವಕಾಲತ್ತು ಇತ್ತು, ಅಂದರೆ ಕೇಸು ನಡೆಸಲು ಕಕ್ಷಿದಾರರು ವಕೀಲರಿಗೆ ಕೊಡುವ ಅಧಿಕಾರಪತ್ರ. ಕಕ್ಷಿದಾರರ ಸಹಿ ಆಗಿತ್ತು. ವಕೀಲರು ಸಹಿ ಹಾಕುವ ಜಾಗ ಖಾಲಿ ಇತ್ತು. ಸಾರ್ ಪೆನ್ನಿನ ಮುಚ್ಚಳ ತೆಗೆದರು, ಸ್ವಲ್ಪ ಹೊತ್ತು ಹಾಗೇ ಕೂತರು, ಮತ್ತೆ ಮುಚ್ಚಿದರು.

"ಯಜಮಾನ್ರೇ, ಇದನ್ನ ನಾನು ತಗೊಳ್ಳೋ ಹಾಗಿಲ್ಲ."

ಎದುರಿಗೆ ಕೂತಿದ್ದ ತೋಟದ ಯಜಮಾನರು ಮೊದಲು ತಮಾಷೆ ಅಂದುಕೊಂಡರು. ಸಾರ್ ಈ ಊರಿಗೆ ಬಂದ ಹೊಸದರಲ್ಲಿ ಆಫೀಸು ಮಾಡಿಕೊಳ್ಳಲಿ ಅಂತ ರಸ್ತೆ ಬದಿಯ ಕೋಣೆ ಬಿಟ್ಟುಕೊಟ್ಟವರು ಅವರೇ. ಮೊದಲ ಎರಡು ವರ್ಷ ಬಾಡಿಗೆ ಕೂಡ ಕೇಳಿರಲಿಲ್ಲ. "ನೀವು ಇಲ್ಲಿ ನಡೆಸಿದ ಮೊದಲನೇ ಕೇಸು ನಂದೇ ಅಲ್ವಾ?" ಅಂದರು. "ಹೌದು" ಅಂದರು ಸಾರ್. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಯಜಮಾನರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, ಮುಂದಿಟ್ಟ ಕಾಫಿ ಮುಟ್ಟದೆ ಎದ್ದು ಹೋದರು.

ಆ ಖಾಲಿ ಜಾಗದ ಬಗ್ಗೆಯೇ ಈ ಬರಹ. ನಾನು ಆಗ ಅವರ ಹತ್ತಿರ ಜೂನಿಯರ್ ಆಗಿದ್ದೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕೇರಿ ಯಾವುದೂ ಬೇಡ ಅಂದರು. ಹಾಗಾಗಿ ಅವರು ಇಲ್ಲಿ ಬರೀ ಸಾರ್. ಹೊರಗಿನಿಂದ ಬಂದ ಒಬ್ಬ ವಕೀಲ ಮಲೆನಾಡಿನ ಒಂದು ಗ್ರಾಮ ಪಂಚಾಯತಿಗೆ ಹೇಗೆ ಆರಿಸಿ ಬಂದರು, ಬಂದ ಮೇಲೆ ಏನು ಬಿಡಬೇಕಾಯಿತು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದೆ. ಪಂಚಾಯತಿಗೆ ನಿಲ್ಲಬೇಕು ಅಂದುಕೊಂಡಿರುವ ವಕೀಲರು ನಮ್ಮ ಜಿಲ್ಲೆಯಲ್ಲಿ ಸಾಕಷ್ಟು ಜನ ಇದ್ದಾರೆ. ಅವರು ಇದನ್ನು ಓದಲಿ ಅನ್ನುವುದು ನನ್ನ ಆಸೆ.

ಕರಿಕೋಟು ಮತ್ತು ಮಲೆನಾಡು

ವಕೀಲರು ರಾಜಕೀಯಕ್ಕೆ ಇಳಿಯುವುದು ಶಿವಮೊಗ್ಗ ಜಿಲ್ಲೆಗೆ ಹೊಸದೇನಲ್ಲ. ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪ ವಕೀಲಿ ಮಾಡಿದವರು. 1956ರಲ್ಲಿ ಮುಖ್ಯಮಂತ್ರಿ ಕುರ್ಚಿಯಲ್ಲಿ ಅವರು ಇದ್ದದ್ದು ಮೂರು ತಿಂಗಳಿಗೂ ಕಡಿಮೆ. ಆದರೆ ಗೇಣಿದಾರರ ಪರ ಕಾನೂನಿಗೆ ದುಡಿದ ಕಂದಾಯ ಮಂತ್ರಿ ಅಂತ ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಸೊರಬದ ಎಸ್. ಬಂಗಾರಪ್ಪ, ಸಾಗರದ ಕಾಗೋಡು ತಿಮ್ಮಪ್ಪ ಇಬ್ಬರೂ ಕಾನೂನು ಓದಿದವರು. ಜೆ.ಎಚ್. ಪಟೇಲರೂ ಅಷ್ಟೇ. ಅವರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದರು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಇಲ್ಲಿ ರಾಜಕೀಯ ಹುಟ್ಟಿದ್ದೇ ಜಮೀನಿನ ಜಗಳದಲ್ಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಬಗ್ಗೆ ಎದ್ದ ತಕರಾರು ಸತ್ಯಾಗ್ರಹವಾಯಿತು. ಸಮಾಜವಾದಿ ನಾಯಕ ಲೋಹಿಯಾ ಬಂದರು, ಬಂಧನವಾಯಿತು. ಕೊಳಗ ಎಷ್ಟು ದೊಡ್ಡದು, ಗಡಿಕಲ್ಲು ಎಲ್ಲಿದೆ, ಪಹಣಿಯಲ್ಲಿ ಯಾರ ಹೆಸರಿದೆ ಅನ್ನುವ ಪ್ರಶ್ನೆಗಳೇ ಇಲ್ಲಿ ಓಟಿನ ಪ್ರಶ್ನೆಗಳೂ ಆದವು. ಅದನ್ನು ಓದಬಲ್ಲವನಿಗೆ ಬೆಲೆ ಬಂತು.

ಇದರ ಜೊತೆ ಇನ್ನೊಂದು ಮಾತನ್ನೂ ಹೇಳಬೇಕು. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂದಾಗ, ಭೂ ನ್ಯಾಯಮಂಡಳಿಗಳ ಮುಂದೆ ವಕೀಲರು ಹಾಜರಾಗುವ ಹಾಗಿಲ್ಲ ಅಂತಲೇ ಬರೆದಿದ್ದರು. ಆ ನಿರ್ಬಂಧ ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೂ ವಕೀಲ ಬಂದರೆ ತಕ್ಕಡಿ ದುಡ್ಡಿದ್ದವನ ಕಡೆ ವಾಲುತ್ತದೆ ಅನ್ನುವ ಅನುಮಾನ ಊರಿನಲ್ಲಿ ಹಾಗೇ ಉಳಿದಿದೆ. ಸಾರ್ ಕಥೆಯಲ್ಲಿ ಆ ಅನುಮಾನಕ್ಕೂ ಪಾತ್ರ ಇದೆ.

ಮೇಲೆ ಹೇಳಿದವರೆಲ್ಲ ಇಲ್ಲಿಯ ಮಣ್ಣಿನವರು. ಹೆಸರು ಹೇಳಿದರೆ ಸಾಕು, ಯಾವ ಮನೆತನ, ಯಾರ ನೆಂಟರು ಅಂತ ಜಗಲಿ ಮೇಲೆ ಕೂತವರು ಹೇಳುತ್ತಾರೆ. ಸಾರ್‌ಗೆ ಅದು ಯಾವುದೂ ಇರಲಿಲ್ಲ.

ಕಾಗದದಿಂದ ಕಲಿತ ಕನ್ನಡ

ಅವರು ಕೇರಳದ ಕೊಟ್ಟಾಯಂ ಕಡೆಯವರು. ಕಾನೂನು ಓದಿ ಅಲ್ಲೇ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಪಡೆದಿದ್ದರು. ಹೆಂಡತಿ ನರ್ಸ್. ಹೆಂಡತಿಯ ಅಣ್ಣ ಮೊದಲೇ ರಿಪ್ಪನ್‌ಪೇಟೆ ಕಡೆ ಬಂದು ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಿದ್ದರು. ಹೆಂಡತಿಗೆ ಇಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಸಾರ್ ಹಿಂದೆ ಬಂದರು. ಸನ್ನದನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ವಕೀಲರ ಪರಿಷತ್ತಿಗೆ ವರ್ಗ ಮಾಡಿಸಿಕೊಳ್ಳಬಹುದು. ವಕೀಲರ ಕಾಯ್ದೆ 1961ರ 18ನೇ ಕಲಂನಲ್ಲಿ ಅದಕ್ಕೆ ಶುಲ್ಕವೂ ಇಲ್ಲ. ಹೆಸರು ಸುಲಭವಾಗಿ ವರ್ಗವಾಯಿತು. ಭಾಷೆಗೆ ಅಂಥ ಕಲಂ ಎಲ್ಲಿದೆ?

ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ಕನ್ನಡದಲ್ಲಿ ಹೇಳುತ್ತಾರೆ, ಅದೂ ಮಲೆನಾಡಿನ ಕನ್ನಡದಲ್ಲಿ. ಮೊದಲ ವರ್ಷ ಸಾರ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಕೇಳುತ್ತಿದ್ದರಂತೆ. ಸಂಜೆ ಯಜಮಾನರ ಕೋಣೆಯಲ್ಲಿ ಹಳೇ ಪಹಣಿ, ಕ್ರಯಪತ್ರ, ಪಾಲುಪಟ್ಟಿ ಹರಡಿಕೊಂಡು ಓದುತ್ತಿದ್ದರು. ಹಾಗಾಗಿ ಅವರು ಮೊದಲು ಕಲಿತ ಕನ್ನಡ ದಫ್ತರದ ಕನ್ನಡ. ಖರಾಬು, ಹಿಸ್ಸಾ, ಪೋಡಿ, ಆಕಾರಬಂದ್, ಫೌತಿ ಖಾತೆ, ಸೊಪ್ಪಿನ ಬೆಟ್ಟ, ಬಗರ್ ಹುಕುಂ ಎಲ್ಲ ಗೊತ್ತಿತ್ತು. ಆದರೆ ಅಂಗಡಿಗೆ ಹೋಗಿ ಹುಳಿ ಬೇಕು ಅಂತ ಕೇಳಲು ತಡವರಿಸುತ್ತಿದ್ದರು. ಮನೆ ಎಲ್ಲಿ ಅಂತ ಯಾರೋ ಕೇಳಿದರೆ ಚಕ್ಕುಬಂದಿ ಹೇಳುತ್ತಿದ್ದರು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ.

ಆ ಕನ್ನಡವೇ ಅವರ ಕೈ ಹಿಡಿಯಿತು. ಇದು ನನ್ನ ಖಚಿತ ಅಭಿಪ್ರಾಯ. ಊರಿನಲ್ಲಿ ಹುಟ್ಟಿದವರಿಗೆ ಕಾಗದ ಅಷ್ಟು ಮುಖ್ಯ ಅನಿಸುವುದಿಲ್ಲ. ಗದ್ದೆ ಯಾರದು ಅಂತ ಊರಿಗೇ ಗೊತ್ತಿರುತ್ತದೆ. ಬಂದವರಿಗೆ ಹಾಗಲ್ಲ. ಬಂದವರಿಗೆ ಕಾಗದ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಸಾರ್ ಸ್ವತಃ ಬಂದವರು, ಆದ್ದರಿಂದ ಕಾಗದದ ಬೆಲೆ ಅವರಿಗೆ ಗೊತ್ತಿತ್ತು. ಮಲೆನಾಡಿನಲ್ಲಿ ಬಂದವರು ಕಡಿಮೆ ಇಲ್ಲ. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದವರು, ಬಯಲುಸೀಮೆಯಿಂದ ಕೂಲಿಗೆ ಬಂದವರು, ಕೇರಳದಿಂದ ಬಂದವರು ಇದ್ದಾರೆ. ಎಲ್ಲರಿಗಿಂತ ದೊಡ್ಡ ಗುಂಪು ಮುಳುಗಡೆಯವರದು.

ಟ್ರಂಕಿನಲ್ಲಿದ್ದ ಕಾಗದ

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ರಾಜ್ಯಕ್ಕೆ ಕರೆಂಟು ಬಂತು. ಶರಾವತಿ ದಂಡೆಯ ಊರುಗಳು ನೀರಿನಡಿ ಹೋದವು. ಅಲ್ಲಿದ್ದವರನ್ನು ಕರೆತಂದು ಬೇರೆ ಬೇರೆ ತಾಲ್ಲೂಕಿನ ಕಾಡಿನ ಅಂಚಿಗೆ ಬಿಟ್ಟರು. ಜಾಗ ತೋರಿಸಿದರು, ಕಾಡು ಕಡಿದು ಬದುಕಿ ಅಂದರು. ಎಷ್ಟೋ ಕಡೆ ಆ ಜಾಗ ದಾಖಲೆಯಲ್ಲಿ ಕಾಡಾಗಿಯೇ ಉಳಿಯಿತು. ಮುಂದೆ ಅರಣ್ಯ ಸಂರಕ್ಷಣೆ ಕಾಯ್ದೆ 1980 ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಏನೂ ಮಾಡುವ ಹಾಗಿಲ್ಲ. ಈ ಜಾಗಗಳನ್ನು ಕಾಡಿನ ಪಟ್ಟಿಯಿಂದ ಬಿಡಿಸಲು ರಾಜ್ಯ ಸರ್ಕಾರ ಕೊಟ್ಟ ಡಿನೋಟಿಫಿಕೇಶನ್ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲದೆ ಹೋದದ್ದು ಇದೇ ಕಾರಣಕ್ಕೆ.

ಅರಣ್ಯ ಹಕ್ಕು ಕಾಯ್ದೆ 2006 ಬಂದಾಗ ನಮ್ಮ ಊರಿನ ಮುಳುಗಡೆ ಕೇರಿಯವರೂ ಅರ್ಜಿ ಹಾಕಿದರು. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಲೆಕ್ಕ ಹಾಕಿ ನೋಡಿ, 1930ಕ್ಕೆ ಹೋಗುತ್ತದೆ. 1930ರಲ್ಲಿ ಇವರ ಅಜ್ಜಂದಿರು ಶರಾವತಿ ದಂಡೆಯಲ್ಲಿ ಭತ್ತ ಬೆಳೆಯುತ್ತಿದ್ದರು. ಆ ಗದ್ದೆಯ ಮೇಲೆ ಈಗ ನೀರು ನಿಂತಿದೆ. ಇಲ್ಲಿ 75 ವರ್ಷ ಇದ್ದದ್ದಕ್ಕೆ ಸಾಕ್ಷಿ ತನ್ನಿ ಅಂದರೆ ಎಲ್ಲಿಂದ ತರಬೇಕು? ಸಿಟ್ಟು ಬರುತ್ತದೆ ನನಗೆ ಇದನ್ನು ಬರೆಯುವಾಗಲೂ.

ಆ ಕೇರಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಒಂದು ಮಳೆಗಾಲ ಅವರು ತಗಡಿನ ಟ್ರಂಕು ಹೊರಿಸಿಕೊಂಡು ಆಫೀಸಿಗೆ ಬಂದರು. ಒಳಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ. ಅದರೊಳಗೆ ಅಡಿಕೆ ಹಾಳೆಯ ಮಧ್ಯೆ ಮಡಚಿಟ್ಟ ನಾಲ್ಕೈದು ಕಾಗದ. ಥಂಡಿಗೆ ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿದ್ದವು. ನಾನು ಬಿಡಿಸಲು ಕೈ ಹಾಕಿದೆ. ಸಾರ್ ನನ್ನ ಕೈ ಹಿಡಿದರು. ಹಳೇ ಪೇಪರಿನ ಮಧ್ಯೆ ಆ ಕಟ್ಟು ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ, ದಿನಕ್ಕೆ ಎರಡು ಸಲ ಪೇಪರು ಬದಲಿಸಿದರು. ನಾಲ್ಕನೇ ದಿನ ಕಾಗದಗಳು ತಾವೇ ಬಿಟ್ಟುಕೊಂಡವು. ಒಂದರಲ್ಲಿ ಅಜ್ಜಿಯ ಮಾವನ ಹೆಸರು, ಮುಳುಗಿದ ಊರಿನ ಸರ್ವೆ ನಂಬರು, ಪರಿಹಾರದ ಮೊತ್ತ ಇತ್ತು. ನೀಲಿ ಮಸಿ ಅರ್ಧ ಮಾಸಿತ್ತು, ಆದರೆ ಓದಲು ಬರುತ್ತಿತ್ತು.

ಸಾರ್ ಅದನ್ನು ಜೋರಾಗಿ ಓದಿ ಹೇಳಿದರು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಗ ಸಾರ್ ಒಂದು ಮಾತು ಅಂದರು. ಮುಂದೆ ಅದೇ ಮಾತು ಅವರಿಗೆ ಭಾರವಾಯಿತು. "ಅಜ್ಜಿ, ನಾನಿರೋ ತನಕ ನಿಮ್ಮ ಮನೆಯ ಒಂದು ಕಲ್ಲನ್ನೂ ಯಾರೂ ಅಲ್ಲಾಡಿಸೋಕೆ ಬಿಡಲ್ಲ."

ಸೋಲು, ಆಮೇಲೆ ಗೆಲುವು

2015ರ ಪಂಚಾಯತಿ ಚುನಾವಣೆಗೆ ಸಾರ್ ಮೊದಲ ಸಲ ನಿಂತರು, ಸೋತರು. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಹಾಗಂತ ಪಕ್ಷ ಇಲ್ಲ ಅಂತಲ್ಲ, ಎಲ್ಲರೂ ಯಾವುದೋ ಒಂದು ಪಕ್ಷದ 'ಬೆಂಬಲಿತ ಅಭ್ಯರ್ಥಿ'. ಸಾರ್‌ಗೆ ಯಾರ ಬೆಂಬಲವೂ ಇರಲಿಲ್ಲ. ಮನೆ ಮನೆಗೆ ಹೋಗಿ ಕಾನೂನು ವಿವರಿಸಿದರು. ಜನ ಗೌರವದಿಂದ ಕೇಳಿದರು, ಚಹಾ ಕೊಟ್ಟರು, ಓಟು ನೆಂಟರಿಗೆ ಹಾಕಿದರು. "ಒಳ್ಳೇ ವಕೀಲ್ರು, ಆದ್ರೆ ಹೊರಗಿನವ್ರು" ಅನ್ನುವ ಮಾತನ್ನು ನಾನೇ ಕೇಳಿದ್ದೇನೆ. ಶುಂಠಿ ಹಾಕಿ ಗದ್ದೆ ಹಾಳು ಮಾಡಿದ ಮಲಯಾಳಿಗಳು ಅನ್ನುವ ಸಿಟ್ಟೂ ಅದರಲ್ಲಿ ಸೇರಿತ್ತು. ಆ ಸಿಟ್ಟಿನಲ್ಲಿ ಸ್ವಲ್ಪ ನಿಜವೂ ಇತ್ತು ಅನ್ನಿ.

ಮುಂದಿನ ಐದು ವರ್ಷ ಅವರು ಭಾಷಣ ಮಾಡಲಿಲ್ಲ. ಶನಿವಾರ ಮಧ್ಯಾಹ್ನ ಆಫೀಸಿನ ಬಾಗಿಲು ತೆಗೆದಿಟ್ಟು ಯಾರ ಕಾಗದ ಬಂದರೂ ಓದಿ ಹೇಳಿದರು, ಫೀಸಿಲ್ಲದೆ. ಬಗರ್ ಹುಕುಂಗೆ, ಅಂದರೆ ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮಕ್ಕೆ, ನಮೂನೆ 57 ಹಾಕುವವರು, ಮನೆ ಅಡಿಯ ಜಾಗಕ್ಕೆ 94ಸಿ ಹಾಕುವವರು, ಪಂಚಾಯತಿಯಲ್ಲಿ ಮನೆ ಜಾಗದ ದಾಖಲೆಯಾದ ನಮೂನೆ 9 ಸಿಗದೆ ಬ್ಯಾಂಕಿನಿಂದ ವಾಪಸಾದವರು ಬರುತ್ತಿದ್ದರು. ಆಗದ ಕೆಲಸಕ್ಕೆ "ಇದು ಆಗಲ್ಲ, ದುಡ್ಡು ಹಾಕಬೇಡಿ" ಅಂತ ನೇರವಾಗಿ ಹೇಳುತ್ತಿದ್ದರು. ಅದೇ ಜನರಿಗೆ ಜಾಸ್ತಿ ಹಿಡಿಸಿತು ಅಂತ ನನಗನಿಸುತ್ತದೆ.

2020ರ ಡಿಸೆಂಬರ್‌ನಲ್ಲಿ ಮತ್ತೆ ನಿಂತರು. ಕರಪತ್ರ ಅಚ್ಚು ಹಾಕಿಸುವಾಗ ಪ್ರೆಸ್ಸಿನ ಹುಡುಗ ತಾನೇ ಒಂದು ಸಾಲು ಸೇರಿಸಿದ್ದ, ನೂರಾರು ಭೂಮಿ ಕೇಸು ಗೆದ್ದವರು ಅಂತ. ಸಾರ್ ಅದನ್ನು ಹೊಡೆದುಹಾಕಿದರು. ವಕೀಲರು ತಮ್ಮ ಕಸುಬಿಗೆ ಜಾಹೀರಾತು ಕೊಡುವ ಹಾಗಿಲ್ಲ ಅನ್ನುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಕರಪತ್ರದಲ್ಲಿ ಉಳಿದದ್ದು ಫೋಟೋ, ಹೆಸರು, ಕ್ರಮಸಂಖ್ಯೆ, ಚಿಹ್ನೆ, ಮತ್ತೆ 'ಕುಡಿಯುವ ನೀರು' ಅನ್ನುವ ಎರಡು ಪದ. ಮುಳುಗಡೆ ಕೇರಿ ಪೂರ್ತಿ ಅವರ ಕಡೆ ನಿಂತಿತು. ಗೆದ್ದರು. ಯಜಮಾನರು ಕೂಡ ಅವರಿಗೇ ಓಟು ಹಾಕಿದ್ದರು, ಬಾಯಿಬಿಟ್ಟು ಹೇಳಿಯೂ ಇದ್ದರು.

ಪೈಪು ಎಲ್ಲಿ ಹೋಗಬೇಕು

ಮಲೆನಾಡಿನಲ್ಲಿ ನೀರಿಗೆ ಬರ ಅಂದರೆ ಹೊರಗಿನವರು ನಂಬುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಕಾಶವೇ ಕಳಚಿ ಬಿದ್ದಂತೆ ಮಳೆ ಹೊಡೆಯುತ್ತದೆ. ಮಾರ್ಚ್ ಬರುವಷ್ಟರಲ್ಲಿ ಗುಡ್ಡದ ಮೇಲಿನ ಒರತೆ ಬತ್ತುತ್ತದೆ. ಕೇರಿಯ ಹೆಂಗಸರು ಕೆಳಗಿನ ಹಳ್ಳಕ್ಕೆ ಇಳಿದು ಕೊಡ ತುಂಬಿ ಏರು ಹತ್ತಬೇಕು. ಕೇಂದ್ರದ ಜಲ ಜೀವನ್ ಯೋಜನೆ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್ ನೀರು ಮನೆ ಬಾಗಿಲಿಗೆ ಬರಬೇಕು. ಏಪ್ರಿಲ್‌ನಲ್ಲಿ ಆ ಕೇರಿಯ ಒಂದು ಮನೆಗೆ ದಿನಕ್ಕೆ ಮೂರು ಕೊಡ ಬಂದರೆ ಹೆಚ್ಚು.

ನೀರಿನ ಮೂಲ ಹಳ್ಳದ ಪಕ್ಕ. ಕೇರಿ ಗುಡ್ಡದ ಮೇಲೆ. ಮಧ್ಯೆ ಯಜಮಾನರ ಅಡಿಕೆ ತೋಟ. ಪೈಪಿಗೆ ಎರಡು ದಾರಿ ಕಾಣುತ್ತಿದ್ದವು. ಒಂದು ಕಾಡಿನ ಸುತ್ತು. ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಪ್ರಕಾರ ಕುಡಿಯುವ ನೀರಿನ ಪೈಪಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡು ಬಳಸಬಹುದು, ಗ್ರಾಮಸಭೆಯ ಶಿಫಾರಸು ಬೇಕು. ಆದರೆ ಆ ದಾರಿ ಉದ್ದ, ಏರು ಜಾಸ್ತಿ, ಕಡತ ಓಡಾಡಲು ತಿಂಗಳುಗಟ್ಟಲೆ ಬೇಕು. ಇನ್ನೊಂದು ತೋಟದ ಅಂಚು. ಪಂಚಾಯತಿ ಎರಡನೆಯದನ್ನು ಆರಿಸಿತು. ಯಜಮಾನರಿಗೆ ಸರಿಯಾಗಿ ಹೇಳಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಕಂತ್ರಾಟುದಾರನ ಜೆಸಿಬಿ ಬಂದು ಬೇಲಿ ಪಕ್ಕ ಅಗೆಯಿತು. ಮೂರು ಅಡಿಕೆ ಮರದ ಬೇರು ಕಿತ್ತು ಬಂತು.

ಅದಕ್ಕೇ ಆ ಸೋಮವಾರ ಅವರು ಬಂದದ್ದು. ಪಂಚಾಯತಿ ಮೇಲೆ ದಾವೆ, ತಡೆಯಾಜ್ಞೆ ಅರ್ಜಿ. ನ್ಯಾಯವಾಗಿ ನೋಡಿದರೆ ಅವರ ಕೇಸು ಗಟ್ಟಿ ಇತ್ತು.

ಸಾರ್ ಯಾಕೆ ಸಹಿ ಹಾಕಲಿಲ್ಲ? ಪಂಚಾಯತ್ ರಾಜ್ ಕಾಯ್ದೆ 1993ರ 12ನೇ ಕಲಂನಲ್ಲಿ ಸದಸ್ಯನ ಅನರ್ಹತೆಗಳ ಪಟ್ಟಿ ಇದೆ. ಗ್ರಾಮ ಪಂಚಾಯತಿ ಪರವಾಗಿ ಸಂಬಳದ ವಕೀಲನಾಗಿದ್ದರೂ, ಅದರ ವಿರುದ್ಧ ವಕೀಲಿ ಒಪ್ಪಿಕೊಂಡರೂ ಸದಸ್ಯತ್ವ ಹೋಗುತ್ತದೆ. ಇದು ವಕೀಲರಿಗೆಂದೇ ಬರೆದ ಸಾಲು. ಪಂಚಾಯತಿಗೆ ನಿಲ್ಲುವ ವಕೀಲರು ನಾಮಪತ್ರ ಹಾಕುವ ಮೊದಲು ಇದನ್ನು ಓದಿರಬೇಕು. ತಾಲ್ಲೂಕು ವಕೀಲನಿಗೆ ಬರುವ ಕೇಸುಗಳಲ್ಲಿ ಪಂಚಾಯತಿ ಎದುರುದಾರ ಆಗಿರುವುದು ಸಣ್ಣ ಪಾಲಲ್ಲ. ಆ ಆದಾಯ ನಿಂತುಹೋಗುತ್ತದೆ.

"ಸಾರ್, ನಾನು ಹಾಕ್ಲಾ?" ಅಂತ ನಾನು ಕೇಳಿದೆ. ಕಾಯ್ದೆ ನನ್ನನ್ನು ತಡೆಯುತ್ತಿರಲಿಲ್ಲ. ಅವರು ತಲೆ ಅಲ್ಲಾಡಿಸಿದರು. "ಇದೇ ಮೇಜು, ಇದೇ ಬಾಗಿಲು. ಹೆಸರು ಬೇರೆ ಆದ್ರೆ ಸಾಕಾ?" ಅಂದರು. ನನಗೆ ಆಗ ಬೇಜಾರಾಗಿತ್ತು. ಆ ಕೇಸು ನನಗೆ ಬೇಕಿತ್ತು.

ಯಜಮಾನರು ಬೇರೆ ವಕೀಲರನ್ನು ಹಿಡಿದರು. ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಕೆಲಸ ನಿಂತಿತು. ಬೇಸಿಗೆ ಬಂತು. ಹೆಂಗಸರು ಮತ್ತೆ ಹಳ್ಳಕ್ಕೆ ಇಳಿದರು. ಅಗೆದು ಬಿಟ್ಟ ಚರಂಡಿಯ ಪಕ್ಕದಲ್ಲೇ ಕೊಡ ಹೊತ್ತು ನಡೆಯುತ್ತಿದ್ದರು.

ಆಗ ಕೇರಿಯಲ್ಲಿ ಮಾತು ಎದ್ದಿತು: ತಡೆಯಾಜ್ಞೆ ತರುವ ಉಪಾಯ ಹೇಳಿಕೊಟ್ಟವರು ಇವರೇ, ಯಜಮಾನರ ಬಿಟ್ಟಿ ಕೋಣೆಯಲ್ಲಿ ಇದ್ದವರಲ್ವಾ, ಋಣ ತೀರಿಸಿದರು. ಸಾರ್ ಬಾಯಿ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಹಳೆಯ ಕಕ್ಷಿದಾರ ಆಫೀಸಿನಲ್ಲಿ ಕೂತು ಹೇಳಿದ್ದನ್ನು ವಕೀಲ ಹೊರಗೆ ಹೇಳಬಾರದು. ಆಗ ಜಾರಿಯಲ್ಲಿದ್ದ ಸಾಕ್ಷ್ಯ ಕಾಯ್ದೆಯ 126ನೇ ಕಲಂ ಅದನ್ನೇ ಹೇಳುತ್ತಿತ್ತು. "ಅವರು ಬಂದಿದ್ರು, ನಾನು ಒಪ್ಪಲಿಲ್ಲ" ಅನ್ನುವ ಒಂದು ಮಾತು ಹೇಳಿದ್ದರೆ ಕೇರಿ ತಣ್ಣಗಾಗುತ್ತಿತ್ತು. ಅದನ್ನೂ ಹೇಳಲಿಲ್ಲ. ಯಜಮಾನರ ಕಡೆಯವರು ಇವರನ್ನು ಉಪಕಾರ ಮರೆತವ ಅಂದರು. ಎರಡೂ ಕಡೆ ಕೊನೆಗೆ ಬಂದು ನಿಂತದ್ದು ಒಂದೇ ಪದಕ್ಕೆ: ಹೊರಗಿನವ.

ಇಲ್ಲಿ ಅವರದ್ದೂ ತಪ್ಪು ಇದೆ ಅಂತ ನಾನು ಭಾವಿಸುತ್ತೇನೆ. ಯಜಮಾನರ ಜೊತೆ ತಮಗೆ ಹಳೇ ನಂಟು ಇದೆ ಅನ್ನುವುದು ಗುಟ್ಟಲ್ಲ. ಪೈಪಿನ ವಿಷಯ ಪಂಚಾಯತಿ ಸಭೆಗೆ ಬಂದ ದಿನವೇ ಅದನ್ನು ಎದ್ದು ನಿಂತು ಹೇಳಬಹುದಿತ್ತು. ಯಜಮಾನರನ್ನು ಕರೆದು ಕೇಳೋಣ ಅನ್ನಬಹುದಿತ್ತು. ಕೋರ್ಟಿನಲ್ಲಿ ವಕೀಲ ತನ್ನ ಸರದಿ ಬರುವ ತನಕ ಕಾಯುತ್ತಾನೆ. ಪಂಚಾಯತಿಯಲ್ಲಿ ಸರದಿ ಅಂತ ಇಲ್ಲ, ಕಾದರೆ ಜೆಸಿಬಿ ಬರುತ್ತದೆ. ಈ ಮಾತನ್ನು ನಾನು ಅವರಿಗೇ ಹೇಳಿದ್ದೇನೆ. ಒಪ್ಪಿಕೊಂಡರು.

ಜೋಡಿ ಚುಕ್ಕೆ ಗೆರೆ

ಏಪ್ರಿಲ್ ಕೊನೆಯಲ್ಲಿ ಸಾರ್ ಸರ್ವೆ ಕಚೇರಿಯಿಂದ ಗ್ರಾಮ ನಕಾಶೆಯ ನಕಲು ತೆಗೆಸಿದರು. ಎರಡು ರಾತ್ರಿ ಅದರ ಮುಂದೆ ಕೂತರು. ಮೂರನೇ ದಿನ ನನ್ನನ್ನು ಕರೆದು ಬೆರಳು ಇಟ್ಟು ತೋರಿಸಿದರು. ತೋಟದ ಮೇಲ್ಗಡೆ, ಕೇರಿಯ ಕೆಳಗಡೆ, ಜೋಡಿ ಚುಕ್ಕೆ ಗೆರೆ. ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ಜೋಡಿ ಇದ್ದರೆ ಬಂಡಿದಾರಿ. ಹಳ್ಳದಿಂದ ಗುಡ್ಡದ ತನಕ ಹಳೇ ಬಂಡಿದಾರಿ ಇತ್ತು. ಎತ್ತಿನ ಗಾಡಿ ಹೋದ ಮೇಲೆ ಅದನ್ನು ಎಲ್ಲರೂ ಮರೆತಿದ್ದರು.

ಮರೆತಿದ್ದರು ಅಷ್ಟೇ ಅಲ್ಲ, ಒಳಗೂ ಹಾಕಿಕೊಂಡಿದ್ದರು. ನಕಾಶೆ ಹಿಡಿದು ನಡೆದು ನೋಡಿದೆವು. ಯಜಮಾನರ ಬೇಲಿ ದಾರಿಯ ಅರ್ಧದಷ್ಟು ಬಂದಿತ್ತು. ಮೇಲ್ಗಡೆ ಕೇರಿಯ ಒಂದು ಕೊಟ್ಟಿಗೆ ದಾರಿಯ ಮೇಲೆ ಇತ್ತು. ಅದರಾಚೆ ಒಂದು ಬಚ್ಚಲುಮನೆ, ಕಲ್ಲಿನ ಗೋಡೆ, ಒಳಗೆ ಹಂಡೆ. ಟ್ರಂಕಿನ ಅಜ್ಜಿಯ ಬಚ್ಚಲು ಅದು.

ಸಾರ್ ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

ವಕೀಲರಾಗಿದ್ದರೆ ಆ ನಕಾಶೆ ಅವರಿಗೆ ಬ್ರಹ್ಮಾಸ್ತ್ರ. ಯಾರ ಪರ ಇದ್ದರೂ ಎದುರುದಾರನ ಒತ್ತುವರಿ ತೋರಿಸಬಹುದಿತ್ತು, ತಮ್ಮವರದ್ದನ್ನು ಮುಚ್ಚಿಡಬಹುದಿತ್ತು. ಅದರಲ್ಲಿ ತಪ್ಪೇನೂ ಇಲ್ಲ, ವಕೀಲಿ ಇರುವುದೇ ಹಾಗೆ. ಆದರೆ ಈಗ ಇಬ್ಬರೂ ಅವರ ವಾರ್ಡಿನವರು. ಒಬ್ಬರ ಒತ್ತುವರಿ ತೋರಿಸಿ ಇನ್ನೊಬ್ಬರದ್ದನ್ನು ಬಿಡುವ ಹಾಗಿರಲಿಲ್ಲ.

ಜೂನ್ ಮೊದಲ ವಾರ ಶಾಲೆಯ ಜಗಲಿಯಲ್ಲಿ ವಾರ್ಡ್ ಸಭೆ ಸೇರಿತು. ಮಳೆ ಶುರುವಾಗಿತ್ತು. ತಗಡಿನ ಮೇಲೆ ಬೀಳುವ ಸದ್ದಿಗೆ ಮೈಕು ಇದ್ದರೂ ಕೇಳುತ್ತಿರಲಿಲ್ಲ. ಹಾಗಾಗಿ ಭಾಷಣ ಆಗಲಿಲ್ಲ, ಅದೇ ಒಳ್ಳೇದಾಯಿತು. ಎರಡು ಡೆಸ್ಕು ಜೋಡಿಸಿ ನಕಾಶೆ ಹರಡಿದರು. ಗಾಳಿಗೆ ಹಾರದ ಹಾಗೆ ಒಂದು ಮೂಲೆಗೆ ಸ್ಟೀಲ್ ಲೋಟ, ಒಂದಕ್ಕೆ ಹಾಜರಿ ಪುಸ್ತಕ, ಇನ್ನೊಂದಕ್ಕೆ ಯಾರದೋ ಎಲೆಯಡಿಕೆ ಚೀಲ, ನಾಲ್ಕನೆಯದಕ್ಕೆ ಯಜಮಾನರು ತಮ್ಮ ಛತ್ರಿಯ ಹಿಡಿ ಇಟ್ಟರು. ಹೌದು, ಅವರೂ ಬಂದಿದ್ದರು. ಹಿಂದಿನ ಸಂಜೆ ಸಾರ್ ಅವರ ಮನೆಗೆ ಹೋಗಿ, ಅಂಗಳದಲ್ಲಿ ನಿಂತೇ ಕರೆದು ಬಂದಿದ್ದರು. ಯಜಮಾನರ ಕೇಸು ಹಿಡಿದ ವಕೀಲರಿಗೂ ತಿಳಿಸಿದ್ದರು.

ಸಾರ್ ಕೋಟು ಹಾಕಿರಲಿಲ್ಲ. ಲುಂಗಿ ಮೊಣಕಾಲಿಗೆ ಕಟ್ಟಿದ್ದರು. ಜೋಡಿ ಗೆರೆಯ ಮೇಲೆ ಬೆರಳು ಓಡಿಸುತ್ತಾ ಹೋದರು. "ಇಲ್ಲಿ ಯಜಮಾನ್ರ ಬೇಲಿ. ಇಲ್ಲಿ ಕೊಟ್ಟಿಗೆ." ಆಮೇಲೆ ನಿಲ್ಲಿಸಿದರು. ತಗಡಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. "ಇಲ್ಲಿ ಅಜ್ಜಿ ಬಚ್ಚಲು."

ಅಜ್ಜಿ ಮುಂದಿನ ಸಾಲಿನಲ್ಲೇ ಇದ್ದರು. "ಕಲ್ಲು ಅಲ್ಲಾಡಿಸಲ್ಲ ಅಂದಿದ್ಯಲ್ಲೋ ಮಗಾ" ಅಂದರು. ಜಗಳದ ದನಿಯಲ್ಲಿ ಅಲ್ಲ.

"ಅಂದಿದ್ದೆ ಅಜ್ಜಿ. ಅನ್ನಬಾರದಿತ್ತು."

ಯಜಮಾನರು ಮೊದಲು ಮಾತಾಡಿದರು. ಬೇಲಿ ಹಿಂದಕ್ಕೆ ಹಾಕುತ್ತೇನೆ, ಆದರೆ ಕಿತ್ತ ಮೂರು ಮರಕ್ಕೆ ಕಂತ್ರಾಟುದಾರ ದುಡ್ಡು ಕೊಡಬೇಕು ಅಂದರು. ಕೊಟ್ಟಿಗೆಯವರು ಗೊಣಗುತ್ತಾ ಒಪ್ಪಿದರು. ಅಜ್ಜಿ ಏನೂ ಹೇಳದೆ ಎದ್ದು, ಗೊರಬು ತಲೆಗೆ ಹಾಕಿಕೊಂಡು ಮಳೆಯಲ್ಲೇ ಹೊರಟರು. ಮಗ ಅವರ ಪರವಾಗಿ ಸಹಿ ಹಾಕಿದ.

ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸ್ ಬರುತ್ತದೆ. ಹೊಳೆ ಇಳಿದ ಮೇಲೆ ಸರ್ವೆಯರ್ ಬಂದು ಹದ್ದುಬಸ್ತು ಮಾಡಿದರು, ಅಂದರೆ ಅಳೆದು ಗಡಿ ಗುರುತಿಸಿದರು. ದೀಪಾವಳಿ ಕಳೆದು ಪೈಪು ಹೂತರು. ಕೇರಿಯ ಹುಡುಗರು ಒಂದು ಭಾನುವಾರ ಸೇರಿ ಅಜ್ಜಿಯ ಬಚ್ಚಲನ್ನು ನಾಲ್ಕು ಮಾರು ಹಿಂದಕ್ಕೆ ಕಟ್ಟಿಕೊಟ್ಟರು, ಅದೇ ಕಲ್ಲು, ಅದೇ ಹಂಡೆ. ಸಾರ್ ಸಿಮೆಂಟಿಗೆ ದುಡ್ಡು ಕೊಡಲು ಹೋದಾಗ ಅಜ್ಜಿ ತೆಗೆದುಕೊಳ್ಳಲಿಲ್ಲ.

ಇದರಿಂದ ಕೇರಿಯ ದೊಡ್ಡ ಕಷ್ಟ ತೀರಿಲ್ಲ. ಅವರ ಮನೆಗಳ ಅಡಿಯ ಜಾಗ ದಾಖಲೆಯಲ್ಲಿ ಇನ್ನೂ ಕಾಡು. ನೀರು ಬಂತು, ಹಕ್ಕುಪತ್ರ ಬಂದಿಲ್ಲ. ಒಂದು ಗ್ರಾಮ ಪಂಚಾಯತಿಯ ಸದಸ್ಯನಿಂದ ಅದು ಆಗುವ ಕೆಲಸವೂ ಅಲ್ಲ. ಸಾರ್ ಈಗಲೂ ಶನಿವಾರ ಬಾಗಿಲು ತೆಗೆದಿಡುತ್ತಾರೆ. ಆದರೆ ಯಾರಿಗೂ ಮಾತು ಕೊಡುವುದಿಲ್ಲ. "ನೋಡೋಣ, ನಕಾಶೆ ತೆಗೆಸೋಣ" ಅನ್ನುತ್ತಾರೆ. ಯಜಮಾನರು ಒಂದು ವರ್ಷದ ಮೇಲೆ ಮತ್ತೆ ಆಫೀಸಿಗೆ ಬಂದು ಕಾಫಿ ಕುಡಿದು ಹೋದರು. ಕೇಸಿನ ಮಾತು ಎತ್ತಲಿಲ್ಲ. ಅಡಿಕೆ ಕೊಳೆರೋಗದ ಬಗ್ಗೆ, ಬೋರ್ಡೋ ದ್ರಾವಣದ ಬಗ್ಗೆ ಮಾತಾಡಿದರು.

ಅಜ್ಜಿಯ ಮನೆ ಮುಂದೆ ಈಗ ನಲ್ಲಿ ಇದೆ. ಬೆಳಿಗ್ಗೆ ಆರೂವರೆಗೆ ನೀರು ಬಿಡುತ್ತಾರೆ. ಸಾರ್ ವಾರದಲ್ಲಿ ಎರಡು ದಿನವಾದರೂ ಆ ಹೊತ್ತಿಗೆ ಆ ದಾರಿಯಲ್ಲಿ ನಡೆದು ಹೋಗುತ್ತಾರೆ, ನೀರು ಸರಿಯಾಗಿ ಬರುತ್ತಿದೆಯಾ ನೋಡಲು. ಅಜ್ಜಿ ಕೊಡ ತುಂಬುತ್ತಿರುತ್ತಾರೆ. "ನೀರು ಬಂತಾ ಅಜ್ಜಿ?" ಅಂತ ಇವರು ಕೇಳುತ್ತಾರೆ. ಅಜ್ಜಿ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಒಳಗೆ ಹೋಗುತ್ತಾರೆ. ಇಲ್ಲಿ ತನಕ ಉತ್ತರ ಕೊಟ್ಟಿಲ್ಲ.